ಹಿಕ್ಕೆ ಬಿದ್ದಿದ್ದ ದಾರಿ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಹೊಸದುರ್ಗದಲ್ಲಿ ಮುನ್ಸೀಫನಾಗಿದ್ದೆ. ಸಿವಿಲ್ ವ್ಯಾಜ್ಯಗಳು ಮೊದಲು ಬಂದು ನಿಲ್ಲುವುದು ಮುನ್ಸೀಫನ ಎದುರಿಗೇ. ಯಾರನ್ನೂ ಸುಲಭಕ್ಕೆ ನಂಬದ ಸ್ವಭಾವ ನನ್ನದು. ಮನೆಗೆ ಬರುವ ಹಾಲಿನವನನ್ನೂ ಪಾಟೀಸವಾಲು ಮಾಡುತ್ತೀರಿ ಎಂದು ಹೆಂಡತಿ ಛೇಡಿಸುತ್ತಿದ್ದಳು.

ಮತ್ತೋಡು ಕಡೆಯ ಕೆಂಚಮ್ಮ ಎಂಬ ಕುರಿ ಸಾಕುವ ಮುದುಕಿ ದಾವೆ ಹೂಡಿದ್ದಳು. ಅವಳ ಮಂದೆ ಕೆರೆಗೆ ಹೋಗುತ್ತಿದ್ದ ದಾರಿಗೆ ಪಕ್ಕದ ಹೊಲದ ರುದ್ರಪ್ಪ ಬೇಲಿ ಹಾಕಿ, ಆ ಜಾಗವನ್ನೂ ಉತ್ತುಬಿಟ್ಟಿದ್ದಾನೆ ಎಂಬುದು ದೂರು. ಸುತ್ತು ದಾರಿಯ ಬಿಸಿಲಿಗೆ ಮರಿಗಳು ನೀರು ಮುಟ್ಟುವ ಮೊದಲೇ ಕುಸಿಯುತ್ತಿದ್ದವು. ದಾರಿ ಸಿಗದಿದ್ದರೆ ಅವಳು ಮಂದೆಯನ್ನೇ ಮಾರಬೇಕಿತ್ತು. ರುದ್ರಪ್ಪನೋ, ಅಲ್ಲಿ ದಾರಿಯೇ ಇರಲಿಲ್ಲ ಎನ್ನುತ್ತಿದ್ದ.

ಅವಳ ಸಾಕ್ಷಿಗಳೆಲ್ಲ ಒಂದೇ ವಾಕ್ಯ ಹೇಳಿದರು. ಅವನ ಸಾಕ್ಷಿಗಳೂ ತಮ್ಮದೊಂದು ವಾಕ್ಯವನ್ನು ಬಾಯಿಪಾಠ ಒಪ್ಪಿಸಿದರು. ನನಗೆ ಎರಡೂ ಕಡೆಯವರ ಮೇಲೆ ಗುಮಾನಿ ಹುಟ್ಟಿತು.

ಸಾಕ್ಷ್ಯ ತರುವುದು ಪಕ್ಷಗಾರರ ಕೆಲಸ. ಅದನ್ನು ಹುಡುಕಿಕೊಂಡು ನ್ಯಾಯಾಧೀಶ ಹೊರಡುವಂತಿಲ್ಲ. ಆದರೆ ಬಂದ ಸಾಕ್ಷ್ಯ ಸ್ಪಷ್ಟವಾಗದಿದ್ದರೆ ಸ್ಥಳ ಪರಿಶೀಲನೆ ಮಾಡಬಹುದು, ಯಾರನ್ನಾದರೂ ಪ್ರಶ್ನಿಸಬಹುದು. ತೊಡಕೆಂದರೆ, ಎರಡೂ ಕಡೆಯವರಿಗೆ ಮೊದಲೇ ನೋಟಿಸು ಕೊಟ್ಟು ಹೋಗಬೇಕು. ನೋಟಿಸು ಮುಟ್ಟಿದ ಮೇಲೆ ಸ್ಥಳವೂ ಸಾಕ್ಷಿಗಳ ಹಾಗೆ ತಯಾರಾಗಿ ನಿಂತಿರುತ್ತದೆ.

ಹಾಗೆಯೇ ಆಯಿತು. ಬೇಲಿಯ ಹೊರಗೂ ಒಳಗೂ, ಉತ್ತ ಹೆಂಟೆಗಳ ಮೇಲೂ ಕುರಿ ಹಿಕ್ಕೆ ಧಾರಾಳವಾಗಿ ಬಿದ್ದಿತ್ತು. ಗೊರಸಿನ ಗುರುತು ಮಾತ್ರ ಒಂದೂ ಇರಲಿಲ್ಲ. ಹಿಕ್ಕೆಯ ಜೊತೆ ತಿಪ್ಪೆಯ ಬೂದಿಯೂ ಬೆರೆತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಇದನ್ನ ಯಾರಮ್ಮ ತಂದು ಹಾಕಿದ್ದು?" ಎಂದೆ.

ಕೆಂಚಮ್ಮ ತಲೆ ತಗ್ಗಿಸಿದಳು. "ನಾನೇ ಸ್ವಾಮಿ. ಬರೀ ಬಾಯಾಗೆ ದಾರಿ ಐತೆ ಅಂದ್ರೆ ಕೋರ್ಟು ನಂಬಲ್ಲ ಅಂದ್ರು."

ಅವಳ ವಕೀಲರ ಮುಖ ಬಿಳುಚಿಕೊಂಡಿತು. ದಾವೆ ಅಲ್ಲಿಗೇ ಬಿದ್ದುಹೋಯಿತೆಂದು ನಾನೂ ಅಂದುಕೊಂಡೆ. ರುದ್ರಪ್ಪನಿಗೆ ಮಾತ್ರ ಹಿಗ್ಗು ತಡೆಯಲಾಗಲಿಲ್ಲ.

"ನೋಡ್ರಿ ಸ್ವಾಮಿ, ಎಂಥಾ ಸುಳ್ಳು. ಸುತ್ತು ಹಾಕ್ಕಂಡು ಹೋಗಾದು ಕುರಿಗಳಿಗೇನು ಕಷ್ಟ ಅಲ್ಲ. ಈಗ ಅವಕ್ಕೂ ರೂಢಿ ಆಗೈತೆ."

"ಈಗ ರೂಢಿಯಾಗಿದೆ. ಮೊದಲು ಎಲ್ಲಿ ಹಾಯುತ್ತಿದ್ದವು?"

ಅವನು ಬೇಲಿ ನೋಡಿದ, ತನ್ನ ವಕೀಲರನ್ನು ನೋಡಿದ.

ನಾನು ಕಂಡದ್ದಕ್ಕೂ ಕೇಳಿದ್ದಕ್ಕೂ ನಾನೇ ಸಾಕ್ಷಿಯಾಗುವಂತಿಲ್ಲ. ಹಾಗಾಗಿ ಹಿಕ್ಕೆಯ ವಿಷಯವನ್ನೂ ರುದ್ರಪ್ಪನ ಮಾತನ್ನೂ ಪರಿಶೀಲನಾ ಟಿಪ್ಪಣಿಯಲ್ಲಿ ಬರೆಸಿ, ಅಲ್ಲೇ ಗಟ್ಟಿಯಾಗಿ ಓದಿಸಿ, ಇಬ್ಬರು ವಕೀಲರ ಸಹಿ ಪಡೆದೆ. ಮುಂದಿನ ವಾಯಿದೆಗೆ ಇಬ್ಬರನ್ನೂ ಮತ್ತೆ ಕಟಕಟೆಗೆ ಕರೆಸಿದೆ. ಕೆಂಚಮ್ಮ ಪ್ರಮಾಣ ಮಾಡಿ ತನ್ನ ತಪ್ಪನ್ನು ಮತ್ತೆ ಒಪ್ಪಿಕೊಂಡಳು. ಅದೇ ಪ್ರಶ್ನೆಯನ್ನು ಎರಡು ಸಲ ಕೇಳಿದ ಮೇಲೆ ರುದ್ರಪ್ಪ ಬಾಯಿಬಿಟ್ಟ.

"ಅಲ್ಲೇ ಹಾಯ್ತಿದ್ವು ಸ್ವಾಮಿ. ನಮ್ಮಪ್ಪನ ಕಾಲದಿಂದ್ಲೂ."

ದಾರಿ ಬಿಡಿಸಿಕೊಡಲು ತೀರ್ಪು ಬರೆದೆ. ಹಿಕ್ಕೆಯ ಸುಳ್ಳಿಗಾಗಿ ಕೆಂಚಮ್ಮನಿಗೆ ದಾವೆಯ ಖರ್ಚು ಕೊಡಿಸಲಿಲ್ಲ. ಸುಳ್ಳು ಸಾಕ್ಷ್ಯ ಹುಟ್ಟಿಸಿದವರ ಹಕ್ಕು ಕೂಡ ನಿಜವಾಗಿರಬಹುದು, ಒಂದು ಸುಳ್ಳು ಕೈಗೆ ಸಿಕ್ಕಿತೆಂದು ಪ್ರಶ್ನೆ ನಿಲ್ಲಿಸಬಾರದು ಎಂಬುದನ್ನು ನನಗೆ ಕಲಿಸಿದ್ದು ಆ ದಾವೆ.

ತೀರ್ಪು ಓದಿದ ದಿನ ಕೆಂಚಮ್ಮ ಕೈಮುಗಿದು ಕೇಳಿದಳು: "ಹಿಕ್ಕೆ ಹಾಕ್ದಿದ್ರೂ ದಾರಿ ಸಿಗ್ತಿತ್ತೇನ್ರಿ ಸ್ವಾಮಿ?"

"ಸಿಗ್ತಿತ್ತಮ್ಮ, ಹೋಗು" ಎಂದೆ.

ಹಿಕ್ಕೆ ಇರದಿದ್ದರೆ ರುದ್ರಪ್ಪ ಹಿಗ್ಗುತ್ತಿರಲಿಲ್ಲ. ಹಿಗ್ಗದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ನಿವೃತ್ತನಾಗಿ ಇಷ್ಟು ವರ್ಷವಾದರೂ, ಅವತ್ತು ನಾನು ಕೊಟ್ಟ ಆ ಉತ್ತರದ ಮೇಲೆ ನನಗಿನ್ನೂ ಗುಮಾನಿಯಿದೆ.