ವಕೀಲರ ಮುಂದೆ ಹೇಳಬೇಕಾಗಿದ್ದ ಹೆಸರು

ಅವರ ಎಡಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಕೂದಲೆಳೆಯಂಥ ಬಿಳಿ ಗೆರೆಗಳಿದ್ದವು. ಇಂಜೆಕ್ಷನ್ನಿನ ಗಾಜಿನ ಶೀಶೆಗಳ ಕತ್ತು ಮುರಿದು ಮುರಿದು ಆದ ಹಳೆಯ ಗಾಯಗಳು. ಮೂಡಲಗಿ ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿ ದುಡಿದು, ನಿವೃತ್ತರಾದ ಮೇಲೆ ಗೋಕಾಕದಲ್ಲಿ ನಮ್ಮ ಬಾಜೂ ಮನೆ ಕಟ್ಟಿಸಿಕೊಂಡು ಬಂದಿದ್ದರು. ಓಣಿಗೆಲ್ಲ ಅವರು ಕಾಕೂ, ಅಂದರೆ ಚಿಕ್ಕಮ್ಮ.

ಒಬ್ಬರೇ ಇದ್ದರೂ ಊಟ ನಿಂತುಕೊಂಡೇ ಮಾಡುತ್ತಿದ್ದರು, ವಾರ್ಡಿನಿಂದ ಯಾರೋ ಈಗ ಕೂಗುತ್ತಾರೆ ಅನ್ನುವ ಹಾಗೆ. ಹೊರಕೋಣೆಯ ಬುದ್ಧನ ಪಟದ ಮುಂದೆ ದಿನಾ ಒಂದು ಹೂವು, ಒಂದೇ. ಯಾರಾದರೂ ಸುತ್ತಿ ಬಳಸಿ ತಮ್ಮ ಕಷ್ಟ ಹೇಳತೊಡಗಿದರೆ ಅರ್ಧಕ್ಕೇ ತಡೆದು, "ಎಲ್ಲಿ ಬ್ಯಾನಿ ಐತಿ? ಬಟ್ಟ ಮಾಡಿ ತೋರಸು" ಅನ್ನುತ್ತಿದ್ದರು. ಓಣಿಯ ಹೆಂಗಸರು ಬೆನ್ನ ಹಿಂದೆ ಅದನ್ನೇ ಅಣಕಿಸಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಬಾಗಿಲು ಸಪ್ಪಳವಾಗದಂತೆ ಹಾಕುವುದನ್ನೂ, ದನಿ ಏರಿಸದೆ ಮಾತಾಡುವುದನ್ನೂ ಅಲ್ಲಿ ಕಲಿತೆ. ಮದುವೆಯಾದ ಮೇಲೆ ಅವೆರಡೂ ಬೇರೆಯೇ ರೀತಿಯಲ್ಲಿ ಉಪಯೋಗಕ್ಕೆ ಬಂದವು. ನನ್ನ ಗಂಡನಿಗೆ ಕಣಗಲಾ ಕಡೆ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ನಸುಕಿನಲ್ಲಿ ಹೋಗುತ್ತಿದ್ದರು. ಆ ನಡುವೆ ನಮ್ಮ ಮನೆಯಲ್ಲಿ ಏನಾಗುತ್ತಿತ್ತೆಂದು ಗೋಡೆಯಾಚೆಯ ಕಾಕೂಗೆ ಗೊತ್ತಿಲ್ಲ ಎಂದೇ ನಂಬಿಕೊಂಡಿದ್ದೆ. ತುಂಬು ತೋಳಿನ ಕುಪ್ಪಸ ಹೊಲಿಸುತ್ತಿದ್ದೆ. ಬಿಸಿಲಿಗೆ ಚರ್ಮ ಕಪ್ಪಾಗುತ್ತದೆ ಎಂದು ಹೊಲಿಯುವವಳಿಗೆ ಹೇಳಿದ್ದೆ.

ಒಂದು ಭಾನುವಾರ ಗಂಡನ ಕೈ ಮೊದಲ ಸಲ ಮಗಳ ಮೇಲೂ ಹೋಯಿತು. ಮರುದಿನ ಬೆಳಿಗ್ಗೆ ಶಾಲೆಗೆ ಹೊರಟ ಮಗುವಿನ ಗದ್ದ ಹಿಡಿದು ಕಾಕೂ ಕೆನ್ನೆ ನೋಡಿದರು. ಅವಳನ್ನು ಏನೂ ಕೇಳಲಿಲ್ಲ. ಅವಳ ರಿಕ್ಷಾ ತಿರುವು ದಾಟಿದ ಮೇಲೆ ನನಗೆ ಹೇಳಿದರು: "ಇನ್ನ ಸಾಕು. ಅಂವ ಶನಿವಾರ ಬರೂದ್ರಾಗ ವಕೀಲರನ್ನ ನೋಡೂಣು. ನೋಡಲಿಲ್ಲಂದ್ರ ಈ ಕೂಸಿಗೂ ತುಂಬು ತೋಳಿನ ಜಂಪರ್ ಹೊಲಸಬೇಕಾಗತೈತಿ."

ಕಾಕೂ ಹೋಗಿ ಕೇಳಿದ್ದಕ್ಕೆ ಶುಕ್ರವಾರ ಬರಲು ವಕೀಲರು ಹೇಳಿದರು.

ವಕೀಲರ ಮುಂದೆ ಬಾಯಿ ಕಟ್ಟಬಾರದೆಂದು ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಬಾಯಿಪಾಠ ಮಾಡಿದೆ. ಆ ಭಾಷೆಯಲ್ಲಿ ನಾಚಿಕೆ ಕಡಿಮೆ ಅನ್ನಿಸಿತ್ತು. ನಮ್ಮ ನಡುವೆ ಕೆಲವು ಭಿನ್ನಾಭಿಪ್ರಾಯಗಳಿವೆ, ಕೆಲವೊಮ್ಮೆ ಅವು ಅಹಿತಕರ ಸ್ವರೂಪ ಪಡೆಯುತ್ತವೆ, ಹೀಗೆ. ಕಾಕೂ ಅಡುಗೆಮನೆಯಲ್ಲಿ ಮೆಂತೆಪಲ್ಲೆಯ ಎಲೆ ಬಿಡಿಸುತ್ತ ಕೇಳಿಸಿಕೊಂಡರು. ಇಂಗ್ಲಿಷ್ ಅವರಿಗೆ ತಿಳಿಯದ್ದೇನಲ್ಲ.

"ಇಂಗ್ಲಿಷಿನ್ಯಾಗ ಹೊಡದಾನೇನು ನಿನ್ನ?"

ನಾನು ಬರೆದ ಹಾಳೆಯನ್ನು ಮಡಚಿದೆ.

"ನಾನ ವಕೀಲ ಅಂತ ತಿಳ್ಕೋ. ಗಂಡನ ಹೆಸರೇನವಾ?"

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆ, ಸೀಮಂತಗಳಲ್ಲಿ ನಾಲ್ಕು ಹೆಂಗಸರು ಒತ್ತಾಯ ಮಾಡಿದರೆ ಒಡಪು ಕಟ್ಟಿ, ಪದ್ಯದೊಳಗೆ ಅದನ್ನಿಟ್ಟು ಹೇಳಿ ಮುಖ ಮುಚ್ಚಿಕೊಳ್ಳುತ್ತೇವೆ. ನಾನು ಹಾಗೆ ಹೇಳಿದ್ದು ಸೀಮಂತದ ದಿನವೇ ಕೊನೆ. ಕಾನ್ವೆಂಟಿನ ಗೆಳತಿಯರ ಮುಂದೆ ಕೂಡ ನನಗೆ ಅವರು 'ನಮ್ಮ ಮನೆಯವರು'.

"ನಮ್ಮ ಮನಿಯವ್ರು..." ಎಂದೆ.

"ಮನಿಯವ್ರು ಅಂದ್ರ ಯಾರು? ನಾನೂ ಮನಿಯಾಗ ಇರತೀನಿ. ವಕೀಲ ಕೇಸ್ ಯಾರ ಮ್ಯಾಗ ಹಾಕಬೇಕು, ಮನಿ ಮ್ಯಾಗೇನು?"

"ಬಾಯಾಗ ಬರವಲ್ದು ಕಾಕೂ."

"ಹಂಗಾರ ಅಲ್ಲಿ ಒಡಪು ಹೇಳತೀಯೇನು? ಹೇಳು, ಕೋರ್ಟಿನವ್ರೆಲ್ಲಾ ಚಪ್ಪಾಳಿ ಹೊಡಿತಾರ."

ನಗುವೂ ಬಂತು, ಅಳುವೂ ಬಂತು. ಕೊನೆಗೆ ಒಲೆಯ ಕಡೆ ತಿರುಗಿ, ಕುಕ್ಕರಿಗೆ ಹೇಳುವಂತೆ ಹೆಸರು ಹೇಳಿದೆ. ಹೇಳಿದ್ದೇ ತಡ, ನನಗೆ ತಿಳಿಯುವ ಮೊದಲೇ ಕೈ ತಾಳಿಯನ್ನು ಹಿಡಿದು ಕಣ್ಣಿಗೊತ್ತಿಕೊಂಡಿತ್ತು. ಕಾಕೂ ಅದನ್ನು ನೋಡಿದರು. ಬಯ್ಯುತ್ತಾರೆಂದುಕೊಂಡೆ.

"ಒತ್ಕೋ. ತಾಳಿ ಮ್ಯಾಲೆ ನನಗೇನ್ ಸಿಟ್ಟಿಲ್ಲ. ಒತ್ಕೊಂಡ ಮ್ಯಾಲೆ ಮುಂದಿನ ಮಾತು ಹೇಳು. ಅಂವ ಏನ್ ಮಾಡತಾನ?"

"ಅವರಿಗೆ ಸಿಟ್ಟು ಬರತೈತಿ..."

"ಸಿಟ್ಟು ಎಲ್ಲಾರಿಗೂ ಬರತೈತಿ. ನನಗೂ ಈಗ ಬರಾಕತ್ತೈತಿ. ಏನ್ ಮಾಡತಾನ?"

ಶುಕ್ರವಾರದವರೆಗೆ ದಿನವೂ ಮಧ್ಯಾಹ್ನ ಇದೇ ನಡೆಯಿತು. ಒಂದು ದಿನವೂ ನಾನು ಪೂರ್ತಿ ಹೇಳಿ ಮುಗಿಸಲಿಲ್ಲ. ಗುರುವಾರ 'ಹೊಡಿ' ಎಂಬಲ್ಲಿಗೆ ಬಂದು ನಿಂತಿದ್ದೆ. ಕಾಕೂ ಪಲ್ಲೆಯ ಬುಟ್ಟಿ ಎತ್ತಿಟ್ಟು, "ಉಳದದ್ದು ಅಲ್ಲೇ ಬರತೈತಿ" ಅಂದರು. ಬರುತ್ತದೆಂಬ ಭರವಸೆ ಅವರ ಮುಖದಲ್ಲೂ ಇರಲಿಲ್ಲ.

ವಕೀಲರ ಕಚೇರಿ ಔಷಧದ ಅಂಗಡಿಯ ಮಾಳಿಗೆಯಲ್ಲಿ. ಹೊರಗಿನ ಬೆಂಚಿನ ತುಂಬ ಜನ. ತುಕ್ಕಾನಟ್ಟಿಯಿಂದ ಬಂದ ಮುದುಕನೊಬ್ಬ ನಮ್ಮ ಮಾವನ ಊರು ಕೇಳಿ, ತನಗೆ ಅವರ ಗುರುತಿದೆ ಎಂದ. ನಾನು ಸೆರಗು ಮುಂದಕ್ಕೆಳೆದುಕೊಂಡೆ. ವಕೀಲರ ಕೋಣೆಗೆ ಬಾಗಿಲಿನ ಬದಲು ಒಂದು ಪರದೆ ಅಷ್ಟೇ. ಕರೆ ಬಂದಾಗ ಕಾಕೂ ಏಳಲಿಲ್ಲ.

"ನೀವೂ ಬರ್ರಿ."

"ನಾ ಬಂದ್ರ ನೀ ನನ್ನ ಮಾರಿ ನೋಡತಿ. ನಾನ ಮಾತಾಡಿ ಬಿಡತೀನಿ. ಹೋಗು."

ವಕೀಲರು ವಯಸ್ಸಾದವರು. ಬರೆಯುತ್ತಲೇ ಗಂಡನ ಹೆಸರು ಕೇಳಿದರು. ಹೇಳಿದೆ. ಅವರು ಕಿವಿಗೆ ಕೈ ಹಿಡಿದು, "ಜರಾ ಜೋರಾಗಿ ಹೇಳ್ರಿ ತಂಗಿ, ಈ ಕಿವಿ ಮಂದ ಐತಿ" ಅಂದರು. ಇನ್ನೊಮ್ಮೆ ಹೇಳಿದೆ. ತ್ರಾಸ ಏನು ಎಂದರು. "ಹೊಡಿತಾರ್ರಿ" ಎಂದೆ. ಮತ್ತೆ ಕಿವಿಗೆ ಕೈ. "ಹೊಡಿತಾರ್ರಿ. ನನ್ನ ಹೊಡಿತಾರ. ಮಗಳನ್ನೂ ಹೊಡದಾರ." ನನ್ನ ದನಿಗೆ ನಾನೇ ಬೆಚ್ಚಿದೆ. ಪರದೆಯಾಚೆ ನಡೆಯುತ್ತಿದ್ದ ಮಾತೆಲ್ಲ ನಿಂತುಹೋಯಿತು.

ಅದಾದ ಮೇಲೆ ತೋಳು ಸರಿಸಿ ತೋರಿಸುವುದು ಅಷ್ಟು ಕಷ್ಟವಾಗಲಿಲ್ಲ. ಶನಿವಾರ ನಾನೂ ಮಗಳೂ ಎಲ್ಲಿರಬೇಕು, ಮುಂದೆ ಏನು ಮಾಡಬೇಕು ಎಂದು ಅವರು ಸಾವಕಾಶ ಹೇಳಿದರು. ಹೊರಗೆ ಬಂದಾಗ ಬೆಂಚಿನ ಮೇಲಿದ್ದವರೆಲ್ಲ ನೆಲ ನೋಡುತ್ತಿದ್ದರು. ಮೆಟ್ಟಿಲಿಳಿಯುವಾಗ ಕೇಳಿದೆ, "ಎಲ್ಲಾರಿಗೂ ಕೇಳಿಸ್ತೇನ್ರಿ?"

"ಹೂಂ, ಎಲ್ಲಾರಿಗೂ," ಅಂದರು ಕಾಕೂ. "ನಡಿ, ಚಾ ಕುಡಿಯೂಣು."

ಆ ಶನಿವಾರ ನಾನೂ ಮಗಳೂ ಕಾಕೂ ಮನೆಯಲ್ಲಿ ಮಲಗಿದೆವು. ಗಂಡ ಬಂದು ಬಾಗಿಲು ಬಡಿದಾಗ ಎದ್ದು ಹೋಗಿ ಮಾತಾಡಿ ಕಳಿಸಿದವರು ಕಾಕೂ. ಮುಂದೆ ಕೋರ್ಟಿನ ಪ್ರತಿ ತಾರೀಖಿಗೂ ಜೊತೆಗೆ ಬಂದರು. ಈಗ ನಾನೂ ಮಗಳೂ ಬೇರೆಯಾಗಿದ್ದೇವೆ, ಗಂಡ ಹುಕ್ಕೇರಿಯಲ್ಲಿದ್ದಾರೆ. ಅವರನ್ನು ಇಲ್ಲಿಯೂ ಬಹುವಚನದಲ್ಲೇ ಬರೆಯುತ್ತಿದ್ದೇನೆ. ಕೈ ಕೇಳುವುದಿಲ್ಲ.

ಹೋದ ವರ್ಷ ಕಾಕೂ ತೀರಿಕೊಂಡರು. ಪ್ರಾರ್ಥನೆ ಮುಗಿದು ಓಣಿಯ ಹೆಂಗಸರೆಲ್ಲ ಕೂತಿದ್ದಾಗ ಬೆಳಗಾವಿಯಿಂದ ಬಂದಿದ್ದ ಅವರ ಮಗಳು ನನ್ನನ್ನು ಕೇಳಿದಳು: "ಅವ್ವ ನಿಮ್ಮ ಜೋಡಿ ಕೋರ್ಟಿಗೆ ಯಾಕ ಬರತಿದ್ಲುರಿ? ಎಷ್ಟ್ ಸಲ ಕೇಳಿದ್ರೂ 'ಅದು ಆಕಿ ಮಾತು, ಆಕೀನ ಹೇಳಬೇಕು' ಅಂತಿದ್ಲು."

ಹೆತ್ತ ಮಗಳಿಗೂ ಹೇಳಿರಲಿಲ್ಲ ಅವರು. ಹೆಂಗಸರು ನನ್ನತ್ತ ತಿರುಗಿದರು. ಏನೋ ಜಾಗದ ವ್ಯಾಜ್ಯವಿತ್ತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ತಲೆ ಎತ್ತಲಾಗಲಿಲ್ಲ. ತಗ್ಗಿಸಿಕೊಂಡೇ ಗಂಡನ ಹೆಸರು ಹೇಳಿದೆ, ಏನು ಮಾಡುತ್ತಿದ್ದರೆಂದು ಹೇಳಿದೆ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗಂಡಸರಿಗೂ ಅದು ಕೇಳಿಸಿತು.