ಅತ್ತೆಯವರ ಬಾಯಿಗೆ ಬಂದ ಹೆಸರು

ಅತ್ತೆಯವರಿಗೆ ಲಕ್ವ ಹೊಡೆದದ್ದು ಬೆಳಗಿನ ಹೊತ್ತು, ಮೊಸರು ಕಡೆಯುತ್ತ ಕೂತಿದ್ದಾಗ. ಕಡೆಗೋಲಿನ ಹಗ್ಗ ಅವರ ಬಲಗೈಯಿಂದ ಜಾರಿದ್ದನ್ನು ನಾನು ನೋಡಿದೆ, ಅವರು ನೋಡಲಿಲ್ಲ. ಕೈ ಇನ್ನೂ ಕಡೆಯುತ್ತಲೇ ಇದೆ ಎಂದುಕೊಂಡವರ ಹಾಗೆ ಗಡಿಗೆಯೊಳಗೇ ದೃಷ್ಟಿ ನೆಟ್ಟು ಕೂತಿದ್ದರು. ಇಸವಿ ಸರಿಯಾಗಿ ನೆನಪಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು. ಮಂಡ್ಯದ ಆಸ್ಪತ್ರೆಯಲ್ಲಿ ಕೆಲವು ವಾರ ಇಟ್ಟುಕೊಂಡು ಮದ್ದೂರಿನ ನಮ್ಮ ಮನೆಗೆ ಕಳಿಸಿಕೊಟ್ಟರು. ಕಾಲೆಳೆದುಕೊಂಡಾದರೂ ನಡೆಯುವ ಹಾಗಾಯಿತು. ಸೊಟ್ಟಗಾಗಿದ್ದ ಬಾಯಿ ಸುಮಾರಾಗಿ ನೆಟ್ಟಗಾಯಿತು. ಮಾತು ಮಾತ್ರ ಚೂರುಚೂರಾಗಿ ಬರುತ್ತಿತ್ತು. ನೀರು ಬೇಕಾದಾಗ ‘ಬೆಂಕಿ’ ಎನ್ನುವರು. ಅದು ತಪ್ಪೆಂದು ಮರುಕ್ಷಣವೇ ತಮಗೆ ಗೊತ್ತಾಗಿ ಎಡಗೈಯಿಂದ ಹಣೆ ಚಚ್ಚಿಕೊಳ್ಳುವರು.

ಆ ಚಚ್ಚಿಕೊಳ್ಳುವುದು ಮಾವನವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅವರಿಗೆ ಬೆಂಕಿ ಎಂದದ್ದೊಂದೇ ಕೇಳಿಸುತ್ತಿತ್ತು.

“ಬಾಯಿ ಬಂದದೆ ಕಣಮ್ಮ, ಗ್ಯಾನ ಬಂದಿಲ್ಲ,” ಎಂದು ಅತ್ತೆಯವರ ಎದುರಿಗೇ ನನಗೆ ಹೇಳುವರು. “ಉಂಡ್ಲಾ ಅವಳು? ಮನಗಿದ್ಲಾ?” ಎಂದು ನನ್ನನ್ನು ಕೇಳುವರು. ಪಕ್ಕದಲ್ಲೇ ಚಾಪೆಯ ಮೇಲೆ ಕೂತಿರುವ ಅವರನ್ನಲ್ಲ. ಮಾವನವರು ಕಲ್ಲು ಮನಸ್ಸಿನವರೇನಲ್ಲ. ದಿನಾ ಸಂಜೆ ಅತ್ತೆಯ ಬಲಗಾಲಿಗೆ ತಾವೇ ಎಣ್ಣೆ ತಿಕ್ಕುತ್ತಿದ್ದರು. ಆದರೆ ತಿಕ್ಕುವಾಗಲೂ ಮಾತೆಲ್ಲ ಗೋಡೆಯ ಕಡೆಗೆ, ಇಲ್ಲವೇ ನನ್ನ ಕಡೆಗೆ. ಮನೆಯ ಜನರೆಲ್ಲ ಹೀಗೆ ಅವರ ತಲೆಯ ಮೇಲಿಂದ ಮಾತಾಡಲು ಶುರು ಮಾಡಿದ್ದೆವು. ಬಂದವರು, ಹೋದವರು, ನನ್ನ ಯಜಮಾನರು, ಒಮ್ಮೊಮ್ಮೆ ನಾನೂ.

ನಮ್ಮ ನಾದಿನಿಯನ್ನು ಕೊತ್ತತ್ತಿಗೆ ಕೊಟ್ಟಿತ್ತು. ಅವರ ದೊಡ್ಡ ಮಗಳ ಮದುವೆ ಸುಗ್ಗಿ ಮುಗಿದ ಮೇಲೆ ಎಂದು ನಿಶ್ಚಯವಾಗಿತ್ತು. ಆ ಹುಡುಗಿಗೆ ನೀರೆರೆದು, ಕಾಡಿಗೆ ತೀಡಿ, ಮೂರು ವರ್ಷ ತುಂಬುವ ತನಕ ಸಾಕಿದ್ದು ಅತ್ತೆಯವರೇ. ಈಗ ಅವರನ್ನು ಮದುವೆಗೆ ಕರೆದುಕೊಂಡು ಹೋಗುವುದೋ ಬೇಡವೋ ಎಂಬುದೇ ಮನೆಯಲ್ಲಿ ಮುಗಿಯದ ಚರ್ಚೆಯಾಗಿತ್ತು. ಆ ಚರ್ಚೆ ಎದ್ದಾಗಲೆಲ್ಲ ಅತ್ತೆ ಒಬ್ಬೊಬ್ಬರ ಮುಖವನ್ನೂ ಸರದಿಯಂತೆ ನೋಡುವರು. ನನಗೆ ಅದು ಸಹಿಸಲಾಗುತ್ತಿರಲಿಲ್ಲ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ನನಗಿಂತ ಚಿಕ್ಕ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಮಂಡ್ಯದ ಆಸ್ಪತ್ರೆಯ ವರಾಂಡದಲ್ಲಿ ನನ್ನನ್ನು ಗುರುತು ಹಿಡಿದಿದ್ದಳು. ಕರಾವಳಿಯವಳು, ಮನೆಮಾತು ಕೊಂಕಣಿ. ಈಗ ಮೈಸೂರಿನಲ್ಲೇ ಇದ್ದುಕೊಂಡು, ಮಾತಿನ ಮತ್ತು ಕಿವಿಯ ತೊಂದರೆಗಳ ಬಗ್ಗೆ ದೊಡ್ಡ ಓದು ಓದುತ್ತಿದ್ದಳು. ಲಕ್ವ ಹೊಡೆದು ಮಾತು ಹೋದವರನ್ನು ಪರೀಕ್ಷೆ ಮಾಡುವ ಪ್ರಶ್ನೆಗಳೆಲ್ಲ ಹೊರದೇಶದವಂತೆ. ಅವನ್ನು ಕನ್ನಡಕ್ಕೆ ತಿರುಗಿಸಿ ಮೈಸೂರಿನ ಮೇಷ್ಟ್ರಿಗೂ ಮಳವಳ್ಳಿ ಕಡೆಯ ರೈತನಿಗೂ ಒಂದೇ ತರಹ ಕೇಳುತ್ತಿದ್ದರು. “ಯಾವುದು ಕಾಯಿಲೆ, ಯಾವುದು ಊರಿನ ರೂಢಿ ಅಂತ ಗೊತ್ತಾಗ್ಬೇಡ್ವಾ ಅಕ್ಕ? ಅದೇ ನನ್ನ ವಿಷಯ,” ಎಂದಳು. ಅತ್ತೆಯವರ ಕಥೆ ಕೇಳಿ, ಶನಿವಾರ ಮದ್ದೂರಿಗೆ ಬರಲೇ ಎಂದು ಅವಳೇ ಕೇಳಿದಳು. ನನಗೆ ಕೈಗೆ ಹಗ್ಗ ಸಿಕ್ಕಿದಂತಾಯಿತು.

ಮೊದಲ ಶನಿವಾರ ರೈಲಿಳಿದು ಬಂದವಳ ಕೈಯಲ್ಲಿ ಬಿಸ್ಕತ್ತಿನ ಡಬ್ಬ, ಡಬ್ಬದ ತುಂಬ ಚಿತ್ರದ ರಟ್ಟುಗಳು. ಅತ್ತೆ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಮಾವನವರು ಜಗುಲಿಯಲ್ಲಿ ಕಾಫಿ ಲೋಟ ಹಿಡಿದು, ನಮಗೆ ಬೆನ್ನು ಮಾಡಿಕೊಂಡು, ಆದರೆ ಕಿವಿಯೆಲ್ಲ ಇತ್ತಲೇ ಇಟ್ಟುಕೊಂಡು ಕೂತಿದ್ದರು. ಹುಡುಗಿ ಒಂದೊಂದೇ ರಟ್ಟು ತೋರಿಸಿ “ಇದೆಂತ ಅಜ್ಜಿ?” ಎನ್ನುವಳು. ಹಿಮ ಬಿದ್ದ ಊರಿನ ಚಿತ್ರಕ್ಕೆ ಅತ್ತೆ “ಹತ್ತಿ” ಎಂದರು. ಊಟದ ಮುಳ್ಳುಚಮಚದ ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಹುಲ್ಲು ಎಳೆಯುವ ಹಾಗೆ ಕೈಯಾಡಿಸಿ ತೋರಿಸಿದರು. ಹುಡುಗಿಯ ಪೆನ್ಸಿಲು ಪ್ರತಿ ಸಲವೂ ಅರ್ಧದಲ್ಲೇ ನಿಲ್ಲುತ್ತಿತ್ತು. “ಇದನ್ನು ತಪ್ಪು ಅಂತ ಹೇಗೆ ಬರೆಯೋದು?” ಎಂದು ತನಗೆ ತಾನೇ ಹೇಳಿಕೊಂಡಳು. ಅತ್ತೆ ‘ಹಳ್ಳಿ’ಗೆ ‘ಅಳ್ಳಿ’ ಎಂದಾಗ ನನ್ನ ಕಡೆ ತಿರುಗಿ, “ಮೊದಲೂ ಹೀಗೇ ಹೇಳ್ತಿದ್ರಾ?” ಎಂದಳು. ಇವರ ಊರಿಗೆ ಊರೇ ಹೀಗೆ ಹೇಳುತ್ತದೆ ಎಂದು ನಾನು ನಕ್ಕೆ.

ಚಿತ್ರಗಳನ್ನು ಬದಿಗಿಟ್ಟು ಅವಳು ಪ್ರಶ್ನೆಗಳಿಗೆ ಬಂದಳು. ನಿಮ್ಮ ಹೆಸರೆಂತ ಎಂದಾಗ ಅತ್ತೆ ತಡವರಿಸಿ ಹೇಳಿದರು. ತವರು ಯಾವುದು ಎಂದದ್ದಕ್ಕೆ “ಕಿರುಗಾವ್ಲು ತಾವ” ಎಂದು ಕೈ ಬೀಸಿದರು.

“ನಿಮ್ಮ ಗಂಡನ ಹೆಸರು?”

ಅತ್ತೆ ಹೇಳಿಬಿಟ್ಟರು. ತಡವರಿಕೆ ಇಲ್ಲ, ತೊದಲಿಲ್ಲ. ಲಕ್ವ ಹೊಡೆದ ಮೇಲೆ ಅಷ್ಟು ಸ್ಪಷ್ಟವಾದ ಮಾತು ಅವರ ಬಾಯಿಂದ ಬಂದೇ ಇರಲಿಲ್ಲ.

ಹುಡುಗಿಯ ಮುಖ ಅರಳಿತು. ಕಾಗದದ ಮೇಲೆ ಸರಿ ಗುರುತು ಹಾಕಿ, “ನೋಡಿ ಅಕ್ಕ, ಎಷ್ಟು ಚಂದ ಹೇಳಿದ್ರು!” ಎಂದಳು. ಜಗುಲಿಯಲ್ಲಿ ಲೋಟ ಕೆಳಗಿಟ್ಟ ಸದ್ದಾಯಿತು. ಮಾವನವರು ಎದ್ದು, ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು, ಬರಿಗಾಲಲ್ಲೇ ಬೀದಿಗಿಳಿದು ಹೋದರು.

ನಮ್ಮ ಮನೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕಾನ್ವೆಂಟಿನ ಅಭ್ಯಾಸಬಲದಿಂದ ನನ್ನವರನ್ನು ಹೆಸರು ಹಿಡಿದು ಊಟಕ್ಕೆ ಕರೆದಿದ್ದೆ. ಅತ್ತೆ ಸೌಟು ಹಿಡಿದೇ ಒಳಗಿನಿಂದ ಓಡಿಬಂದರು. “ಅಯ್ಯೋ ನನ್ ಸೊಸೆಯೆ, ನಾಯಿ ಕರ್ದಂಗೆ ಕರೀತೀಯಲ್ಲೇ! ಆಯಸ್ಸು ಕಮ್ಮಿಯಾಯ್ತದೆ ಕಣವ್ವ!” ಅವರಂತೂ ಮಾವನವರ ಹೆಸರಿನ ಹತ್ತಿರಕ್ಕೂ ಸುಳಿದವರಲ್ಲ. ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರು ಕೇಳಿದರೆ “ನಂಗೊತ್ತಿಲ್ಲ ಕಣಪ್ಪ” ಎಂದು ನಕ್ಕು ಒಳಗೆ ಹೋಗುವರು. ದೇವಸ್ಥಾನದಲ್ಲಿ ಅರ್ಚನೆಗೆ ಬೇಕಾದಾಗ ಪಕ್ಕದಲ್ಲಿ ನಿಂತವರನ್ನು ತಿವಿಯುವರು. ಆತಗೂರಿನಿಂದ ಗದ್ದೆಗೆ ಬರುತ್ತಿದ್ದ ಆಳೊಬ್ಬನದೂ ಮಾವನವರದೇ ಹೆಸರಾಗಿದ್ದರಿಂದ ಅವನು ಅತ್ತೆಯ ಬಾಯಲ್ಲಿ ಕೊನೆಯವರೆಗೂ ‘ಆತಗೂರೋನು’ ಆಗಿಯೇ ಉಳಿದ. ಸೊಸೆಯಾದ ನಾನೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಆ ಹೆಸರನ್ನು ಬರೆದಿಲ್ಲ.

ಇದನ್ನೆಲ್ಲ ಹಿತ್ತಲಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದಾಗ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. “ನನ್ನ ಅಜ್ಜಿಯೂ ಹೇಳ್ತಿರಲಿಲ್ಲ ಅಕ್ಕ! ನನಗೆ ಗೊತ್ತಿರೋದೇ. ಇಷ್ಟು ದಿನ ಗಂಡಸರನ್ನೇ ಕೇಳಿದ್ದು, ಅವರು ಹೆಂಡತಿ ಹೆಸರು ಹೇಳಿಬಿಡ್ತಾರೆ. ಕಾಗದದಲ್ಲಿದೆ ಅಂತ ಕೇಳಿಬಿಟ್ಟೆ.” ತನ್ನ ಸರಿ ಗುರುತನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, “ಹಾಗಾದರೆ ಇವರಿಗೆ ಹೇಳದೇ ಇರೋದೇ ಸರಿ ಉತ್ತರ,” ಎಂದಳು.

ಮಾವನವರು ಕತ್ತಲಾಗುವ ಮುಂಚೆ ಬಂದರು. ಕಾಲು ತೊಳೆಯಲು ನೀರು ಕೊಟ್ಟೆ. “ಅವಳು ಓಗ್ಬುಟ್ಲು ಕಣಮ್ಮ,” ಎಂದರು. “ಇಲ್ಲಿ ಕುಂತಿರೋಳು ಬ್ಯಾರೆ ಯಾರೋ.” ಅವರ ಕಣ್ಣಂಚು ಕೆಂಪಗಾಗಿತ್ತು.

ಅಲ್ಲಿಂದ ಮುಂದೆ ಇನ್ನೂ ಕಷ್ಟವಾಯಿತು. ಬೇರೆ ಮಾತು ಸಿಗದೇ ಹೋದಾಗ ಅತ್ತೆಯ ಬಾಯಿಗೆ ಆ ಹೆಸರೇ ಬರಲು ಶುರುವಾಯಿತು. ನೀರಿಗೂ ಅದೇ, ಕಂಬಳಿಗೂ ಅದೇ. ಹಾಲಿನವಳು ಬಾಗಿಲಲ್ಲಿ ನಿಂತು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಕೊತ್ತತ್ತಿಯಿಂದ ಬಂದ ನಾದಿನಿ ಅದನ್ನು ಕೇಳಿ ಅತ್ತುಬಿಟ್ಟರು. ಅತ್ತು ಮುಗಿಸಿ ಮೂಗೊರೆಸಿಕೊಂಡು, “ಅತ್ಗೆ, ಬೀಗ್ರು ಮುಂದೆ ಇಂಗೇ ಕೂಗ್ಬುಟ್ರೆ ಏನ್ ಮಾಡಾದು? ಆಡ್ಕೊಂಡು ನಗಾಕಿಲ್ವಾ? ಅವ್ವ ಇಲ್ಲೇ ಇರ್ಲಿ ಬುಡಿ,” ಎಂದರು. ಮಾವನವರೂ ಹೂಂಗುಟ್ಟಿದರು. ಅತ್ತೆ ಇಬ್ಬರನ್ನೂ ನೋಡಿ, ಎದ್ದು, ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋದರು. ಹಿಂದೆ ಹೋಗಿ ನೋಡಿದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ದಿಂಬು ಒದ್ದೆಯಾಗಿತ್ತು.

ಅರ್ಥವಾಗದವರು ಅಳುತ್ತಾರೆಯೇ? ಮುಂದಿನ ಶನಿವಾರ ಹುಡುಗಿಯನ್ನು ಇದನ್ನೇ ಕೇಳಿದೆ.

ಅವಳು ಸಮಾಧಾನದ ಮಾತು ಸುಮ್ಮನೆ ಆಡುವವಳಲ್ಲ. “ಅರ್ಥ ಆಗ್ತದೆ ಅಂತ ನನಗೂ ಅನಿಸ್ತದೆ. ಆದರೆ ಮಾತಿನ ಜೊತೆಗೆ ಮಾತಿಗಿದ್ದ ಬೇಲಿಯೂ ಮುರಿದಿದೆ ಅಕ್ಕ. ಎರಡೂ ಒಟ್ಟಿಗೆ ಏಳ್ತಾವಾ ಅಂತ ನೋಡ್ಬೇಕು,” ಎಂದಳು.

ಅವಳು ಡಬ್ಬದ ರಟ್ಟುಗಳನ್ನು ತರುವುದನ್ನೇ ಬಿಟ್ಟಳು. ಮೊರ, ಒನಕೆ, ಜರಡಿ, ಮುದ್ದೆ ತೊಳಸುವ ಕೋಲು ಎಂದು ಅಡಿಗೆಮನೆಯಲ್ಲಿದ್ದದ್ದನ್ನೇ ಮುಂದಿಟ್ಟುಕೊಂಡು ಅತ್ತೆಯ ಜೊತೆ ನೆಲದ ಮೇಲೆ ಕೂರುವಳು. ಮಂಡ್ಯದ ಕಡೆ ಏನನ್ನುತ್ತಾರೆ, ಮಳವಳ್ಳಿ ಕಡೆ ಏನನ್ನುತ್ತಾರೆ ಎಂದು ನನ್ನನ್ನೂ ನೆರೆಮನೆಯವರನ್ನೂ ಕೇಳಿ ಬರೆದುಕೊಳ್ಳುವಳು. ಆ ಸಾಮಾನುಗಳನ್ನೇ ಚಿತ್ರ ಬರೆಸಿ ಹೊಸ ರಟ್ಟು ಮಾಡಿಸುತ್ತೇನೆ ಎನ್ನುತ್ತಿದ್ದಳು. ವಾರದ ಉಳಿದ ದಿನಗಳಲ್ಲಿ ಅವಳು ಹೇಳಿಕೊಟ್ಟ ಹಾಗೆ ನಾನು ಮಾಡಿಸುತ್ತಿದ್ದೆ. ಅತ್ತೆ ಹುಡುಕುವ ಮಾತನ್ನು ನಾವು ತಟಕ್ಕನೆ ಎತ್ತಿಕೊಡಬಾರದು, ಅವರಿಗೇ ಸಿಗುವ ತನಕ ಕಾಯಬೇಕು ಎನ್ನುವುದು ಅವಳ ಕಟ್ಟಪ್ಪಣೆ. ಕಾಯುವುದು ಎಷ್ಟು ಕಷ್ಟ ಎಂದು ಆಗ ಕಲಿತೆ. ನಾಲಿಗೆ ಕಚ್ಚಿಕೊಂಡು, ಬೆಳ್ಳುಳ್ಳಿ ಸುಲಿಯುತ್ತ, ಅವರ ತುಟಿ ನೋಡದೆ ಕೈ ನೋಡುತ್ತ ಕೂರುತ್ತಿದ್ದೆ.

ಬೆಳ್ಳುಳ್ಳಿಯ ಬುಟ್ಟಿ ಬರಿದಾಗುವಷ್ಟರಲ್ಲಿ ಒಂದೊಂದು ಮಾತು ಬರುತ್ತಿತ್ತು. ಮೊದಲು ಬಂದವು ಸಾಮಾನಿನ ಹೆಸರುಗಳು. ಆಮೇಲೆ ಬೈಗುಳ. “ಉಪ್ಪಿಲ್ಲ ಸಾರ್ಗೆ, ಏನ್ ಕಲ್ಸಿದ್ರೋ ಕಾನ್ವೆಂಟ್ನಲ್ಲಿ” ಎಂದು ಒಂದು ಮಧ್ಯಾಹ್ನ ಪೂರಾ ಹೇಳಿ ಮುಗಿಸಿದಾಗ, ನನ್ನನ್ನು ಯಾರಾದರೂ ಹೊಗಳಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ಆ ಹೆಸರು ಕಡಿಮೆಯಾಗುತ್ತ ಬಂದದ್ದನ್ನು ನಾನು ಗಮನಿಸಿದ್ದೆ. ಆದರೆ ಬೇರೆ ಮಾತು ಸಿಗುತ್ತಿರುವುದರಿಂದ ಅದು ಬೇಕಾಗುತ್ತಿಲ್ಲವೋ, ಅಥವಾ ಅವರೇ ತಡೆದುಕೊಳ್ಳುತ್ತಿದ್ದಾರೋ, ಅದು ತಿಳಿಯುತ್ತಿರಲಿಲ್ಲ. ಮಾವನವರಂತೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮದುವೆ ಹತ್ತಿರವಾಗಿತ್ತು. ಅತ್ತೆಯ ಜೊತೆ ಮನೆಯಲ್ಲಿ ಉಳಿಯಲು ನೆರೆಮನೆಯ ಮುದುಕಿಯೊಬ್ಬರನ್ನು ಗೊತ್ತು ಮಾಡಿಯೂ ಆಗಿತ್ತು.

ಮದುವೆಗೆ ಮುಂಚಿನ ಶನಿವಾರ ಹುಡುಗಿ ಹೊಸ ಕಾಗದ ತಂದಳು. ಮೊದಲಿನ ಪರೀಕ್ಷೆಯನ್ನೇ ಇನ್ನೊಮ್ಮೆ ಮಾಡಿ ನೋಡಬೇಕೆಂದು ಅವಳ ಮೇಷ್ಟ್ರು ಹೇಳಿದ್ದರಂತೆ. ಮಾವನವರು ಅವಳು ಬಂದದ್ದು ನೋಡಿ ಹೊರಗೆ ಹೊರಟವರು, ಯಾಕೋ ಬಾಗಿಲ ಪಕ್ಕದಲ್ಲೇ ನಿಂತರು.

ಹೆಸರು ಕೇಳಿದಳು, ತವರು ಕೇಳಿದಳು. ಎರಡಕ್ಕೂ ಉತ್ತರ ಬಂತು. ನಾನು ಬೆಳ್ಳುಳ್ಳಿ ಕೆಳಗಿಟ್ಟೆ.

“ಅಜ್ಜಿ, ನಿಮ್ಮ ಗಂಡನ ಹೆಸರು?”

ಅತ್ತೆ ಬಾಯಿ ತೆರೆದರು. ತುಟಿ ಆ ಹೆಸರಿನ ಮೊದಲ ಅಕ್ಷರದ ಆಕಾರಕ್ಕೆ ಬಂದದ್ದು ನನಗೆ ಕಾಣಿಸಿತು. ಬಂದು ಅಲ್ಲೇ ನಿಂತಿತು. ಬಾಯಿ ಮುಚ್ಚಿತು. ಎಡಗೈ ನಿಧಾನವಾಗಿ ಮೇಲೆ ಹೋಗಿ, ಲಕ್ವ ಹೊಡೆದಂದಿನಿಂದ ಹೆಗಲ ಮೇಲೇ ಬಿದ್ದಿರುತ್ತಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು.

ಉತ್ತರ ಬರದಿದ್ದರೆ ಪರೀಕ್ಷೆಯ ನಿಯಮದ ಪ್ರಕಾರ ಎರಡು ಸಲ ಕೇಳಬೇಕು. ಹುಡುಗಿ ಇನ್ನೊಮ್ಮೆ ಕೇಳಿದಳು.

“ಥೂ, ಏನ್ ಎಣ್ಣೋ ಇದು!” ಎಂದರು ಅತ್ತೆ. “ಓದಿದ್ದೀಯ... ಅಷ್ಟೂ ತಿಳೀದಾ? ಎಸ್ರು... ಎಂಗೆ ಯೋಳಾದು? ಅಗಾ, ನಿಂತವ್ರಲ್ಲ ಬಾಗ್ಲಲ್ಲಿ, ಅವ್ರುನ್ನೇ ಕೇಳು.”

ಹುಡುಗಿ ನಗುತ್ತಲೂ ಇದ್ದಳು, ಕಣ್ಣೊರೆಸಿಕೊಳ್ಳುತ್ತಲೂ ಇದ್ದಳು. ನನ್ನ ಕಿವಿಯಲ್ಲಿ, “ಹೆಸರು ಸಿಗದೇ ಇರೋರು ಹುಡುಕ್ತಾರೆ ಅಕ್ಕ. ಇವರು ಹುಡುಕ್ಲಿಲ್ಲ, ನಾಚ್ಕೊಂಡ್ರು,” ಎಂದಳು. ಎಷ್ಟೋ ತಿಂಗಳಿಂದ ಬಿಗಿಹಿಡಿದುಕೊಂಡಿದ್ದ ನನ್ನ ಭುಜಗಳು ತಾವಾಗಿಯೇ ಕೆಳಗಿಳಿದವು. ಅವು ಅಷ್ಟು ಮೇಲಿದ್ದವೆಂದೇ ನನಗೆ ಗೊತ್ತಿರಲಿಲ್ಲ.

ಮಾವನವರು ಗಂಟಲು ಸರಿಮಾಡಿಕೊಂಡು ಒಳಗೆ ಬಂದರು. ಅತ್ತೆಯ ಎದುರಿಗೆ, ಚಾಪೆಯ ಅಂಚಿನಲ್ಲಿ, ಮಂಡಿಯ ಮೇಲೆ ಕೈ ಊರಿ ಕೂತರು. ಗೋಡೆಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

“ಕೊತ್ತತ್ತಿಗೆ ಯಾವ ಸೀರೆ ಉಟ್ಕೊಂಡು ಬತ್ತೀಯ?” ಎಂದು ಅತ್ತೆಯನ್ನೇ ಕೇಳಿದರು.

“ಅದು... ಅದು ಕಣಿ...” ಅತ್ತೆಯ ಎಡಗೈ ಗಾಳಿಯಲ್ಲಿ ಬಣ್ಣವನ್ನು ಹುಡುಕತೊಡಗಿತು. ನನಗೆ ಸೀರೆ ಯಾವುದೆಂದು ಗೊತ್ತಾಗಿತ್ತು. ಹೇಳಿಕೊಡಲು ಬಾಯಿ ತೆರೆದೆ. ಮಾವನವರು ಕೈಯೆತ್ತಿ ನನ್ನನ್ನು ತಡೆದರು. ತಡೆದು, ತಾವು ಕಾದು ಕೂತರು. ಎತ್ತಿನಗಾಡಿಯೊಂದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಸದ್ದಡಗಿತು. ಅವರು ಕಣ್ಣು ಕದಲಿಸಲಿಲ್ಲ.

“ಬದ್ನೆಕಾಯ್ ಬಣ್ಣದ್ದು,” ಎಂದರು ಅತ್ತೆ.

“ಅದ್ಯಾಕೆ? ಅದ್ರ ಜರಿಯೆಲ್ಲ ಕಿತ್ತೋಯ್ತಲ್ಲ.”

“ಓದ್ರೆ ಓಗ್ಲಿ. ನಂಗೆ ಅದೇ ಬೇಕು.”

“ಜನ ಏನಂದಾರು, ಗೌಡ ಎಂಡ್ತಿಗೆ ಅಳೇ ಸೀರೆ ಉಡ್ಸವ್ನೆ ಅನ್ನಾಕಿಲ್ವಾ?”

“ಅನ್ಲಿ ಬುಡಿ.”

ಅವರಿಬ್ಬರ ಜಗಳ ಇನ್ನೂ ನಡೆಯುತ್ತಿರುವಾಗಲೇ ನಾನು ಒಳಗೆ ಹೋಗಿ, ಪೆಟ್ಟಿಗೆಯ ತಳದಿಂದ ಆ ಸೀರೆ ತೆಗೆದು ಹಿತ್ತಲಿನ ಬಿಸಿಲಿಗೆ ಹರವಿದೆ.