ಕೃಷ್ಣ ಮನೆಗೆ ಹೋದ ಹೋಟೆಲು

ಗೆಳೆಯರೇ, ಒಂದು ರ‍್ಯಾಪ್ ಹಾಡಿನಿಂದ ಊರಿಗೆಲ್ಲ ಹೆಸರಾದ, ಮುಂಬೈ ಬಳಿಯ ಡೊಂಬಿವಲಿ ಸ್ಟೇಷನ್ ಎದುರಿನ ನಮ್ಮ ಉಡುಪಿ ಹೋಟೆಲು ಇಂದು ಮುಚ್ಚಿದೆ. ಅರ್ಧ ಎಳೆದ ಶಟರಿನ ಮುಂದೆ ಹುಡುಗಿಯೊಬ್ಬಳು ಅದೇ ಹಾಡು ಹಾಕಿ ರೀಲ್ ಮಾಡುತ್ತಿದ್ದಳು. ನಾನು ಬಗ್ಗಿ ಒಳಗೆ ಹೋದೆ.

“ಬರೇ ಪೇಂಟಿಂಗ್ ಮಾರಾಯ್ರೆ, ಹದಿನೈದು ದಿನ” ಎಂದರು ಮಾಲೀಕ ಭಟ್ಟರು.

ಗಲ್ಲಾದ ಮೇಲಿನ ಗೋಡೆಯಲ್ಲಿ ಬರೀ ಮೊಳೆ ಇತ್ತು.

“ಕೃಷ್ಣನ ಪಟ ಎಲ್ಲಿ ಭಟ್ರೇ?”

“ಧೂಳಾಗ್ತದಲ್ಲ, ಮನೆಗೆ ತಕೊಂಡು ಹೋದೆ.”

ಹಿಂದೆ ಎರಡು ಸಲ ಬಣ್ಣ ಬಳಿಸಿದಾಗ ಇದೇ ಭಟ್ಟರು ಪಟಕ್ಕೆ ಪ್ಲಾಸ್ಟಿಕ್ ಹೊದಿಸಿ, ಅದರ ಕೆಳಗೆ ದಿನವೂ ದೀಪ ಹಚ್ಚಿದ್ದರು. ನಾನು ಮರೆತಿಲ್ಲ; ಆಗೆಲ್ಲ ಕೃಷ್ಣ ಹೋಟೆಲು ಬಿಟ್ಟು ಕದಲಿರಲಿಲ್ಲ.

ಹೊರಗೆ ಬಂದೆ. “ಅಂಕಲ್, ಕಬ್ ಖುಲೇಗಾ?” ಎಂದಳು ಹುಡುಗಿ.

“ಕೃಷ್ಣ ವಾಪಸು ಬಂದ ದಿನ ತೆರೆಯುತ್ತದಮ್ಮ” ಎಂದೆ.

ಅವಳು ರೀಲಿನ ಮೇಲೆ ‘ಕಮಿಂಗ್ ಸೂನ್’ ಎಂದು ಬರೆದಳು.